ಮೊನ್ಫೊರ್ತಿನೊ ಮನೆಯವರ ಇನ್ನೊಂದು ತೋಟ

(ಬೆಂಗಳೂರಿನಲ್ಲಿ ವೈನ್ ಆಸಕ್ತರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ. ಬೆಲೆಯಿಂದಲೇ ಶುರು ಮಾಡಿಬಿಡೋಣ. ವೈನ್ ಬಗ್ಗೆ ಮಾತಾಡುವವರು ಬೆಲೆಯ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಎತ್ತುವುದೇ ಇಲ್ಲ. ಇವತ್ತಿನ ವಿಷಯ ಇರುವುದೇ ಬೆಲೆಗೂ ರುಚಿಗೂ ನಡುವಿನ ತಕರಾರಿನಲ್ಲಿ. ಹಾಗಾಗಿ ಮುಚ್ಚಿಟ್ಟು ಪ್ರಯೋಜನವಿಲ್ಲ.

ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂತೆಯಲ್ಲಿ ಕೊಂತೆರ್ನೊ ಅಂತ ಒಂದು ಮನೆತನ. ಅಲ್ಲಿನ ಹೆಸರಾಂತ ಕೆಂಪು ವೈನ್ ಬರೋಲೊ, ಅದು ಬೆಳೆಯುವ ಸೀಮೆಗೂ ಅದೇ ಹೆಸರು. ಈ ಮನೆಯವರ ಮೊನ್ಫೊರ್ತಿನೊ ಎಂಬ ಬರೋಲೊ ವೈನಿನ ಒಂದು ಬಾಟಲಿ ಇವತ್ತು ಸಾವಿರ ಯೂರೋ ದಾಟುತ್ತದೆ. ಅದೇ ಮನೆಯ ಯಜಮಾನರು, ಅದೇ ನೆಬ್ಬಿಯೋಲೊ ದ್ರಾಕ್ಷಿಯಿಂದ, ಅದೇ ಪಿಯೆಮೊಂತೆಯ ಇನ್ನೊಂದು ಊರಿನಲ್ಲಿ ಇನ್ನೊಂದು ಕೆಂಪು ವೈನ್ ಮಾಡುತ್ತಾರೆ. ಅದರ ಸಾಮಾನ್ಯ ಬಾಟಲಿಯ ಬೆಲೆ ಮೊನ್ಫೊರ್ತಿನೊದ ಹತ್ತನೇ ಒಂದು ಪಾಲೂ ಇಲ್ಲ. ಊರಿನ ಹೆಸರು ಗತ್ತಿನಾರಾ, ವೈನಿಗೂ ಅದೇ ಹೆಸರು, ವೈನರಿಯ ಹೆಸರು ನೆರ್ವಿ. ನಿಮ್ಮ ಮುಂದಿರುವ ಎರಡನೇ ಗ್ಲಾಸಿನಲ್ಲಿ ಇರುವುದು ಅದೇ. ಸದ್ಯಕ್ಕೆ ಮುಟ್ಟಬೇಡಿ, ಗಾಳಿಯಾಡಲಿ.

ಇಷ್ಟು ಕೇಳಿದ ಕೂಡಲೇ ಬರುವ ಉತ್ತರ ಗೊತ್ತಿದೆ: ಅಗ್ಗ ಅಂದ ಮೇಲೆ ಕಮ್ಮಿ ದರ್ಜೆಯದೇ ಇರಬೇಕು. ಗತ್ತಿನಾರಾ ಅಂದರೆ ಬರೋಲೊದ ಎರಡನೇ ಡಿಕಾಕ್ಷನ್ ಅಂತ ತಿಳಿದವರು ವೈನ್ ವ್ಯಾಪಾರದಲ್ಲೇ ಬೇಕಾದಷ್ಟು ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ಇದು ಬೇರೆಯದೇ ಪುಡಿ, ಮೊದಲನೇ ಡಿಕಾಕ್ಷನ್ನು. ಹೇಗೆ ಅಂತ ಹೇಳಬೇಕಾದರೆ ಮೊದಲು ಆ ಮನೆತನದ ಕತೆ ಸ್ವಲ್ಪ, ಆಮೇಲೆ ಆ ಬೆಟ್ಟದ ಕತೆ ತುಸು ಹೆಚ್ಚು ಹೇಳಬೇಕಾಗುತ್ತದೆ.

ಜಾಕೊಮೊ ಕೊಂತೆರ್ನೊ ಮೊದಲ ಮಹಾಯುದ್ಧ ಮುಗಿಸಿ ಮೊನ್ಫೊರ್ತೆ ದಾಲ್ಬಾ ಎಂಬ ತಮ್ಮ ಊರಿಗೆ ಮರಳಿದರು. ಆ ಕಾಲಕ್ಕೆ ಅಲ್ಲಿನ ವೈನ್ ಬಹುಪಾಲು ದೊಡ್ಡ ಗಾಜಿನ ಬುದ್ದಲಿಗಳಲ್ಲಿ, ಪೀಪಾಯಿಗಳಲ್ಲಿ ಮಾರಾಟವಾಗುತ್ತಿತ್ತು. ಅದೇ ವರ್ಷ ಕುಡಿದು ಮುಗಿಸುವ ಸರಕು. ದಶಕಗಟ್ಟಲೆ ಬಾಳುವ ವೈನ್ ಮಾಡುತ್ತೇನೆ ಅಂತ ಜಾಕೊಮೊ ಹೊರಟದ್ದು 1920ರ ದಶಕದಲ್ಲಿ. ದ್ರಾಕ್ಷಿಯ ಸಿಪ್ಪೆಯನ್ನು ರಸದ ಜೊತೆ ವಾರಗಟ್ಟಲೆ ನೆನೆಸಿಟ್ಟು, ಆಮೇಲೆ ದೊಡ್ಡ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸಿಡುವ ಕ್ರಮ. ಮಗ ಜೊವಾನ್ನಿ ಅದನ್ನು ಒಂದು ಚೂರೂ ಬಿಟ್ಟುಕೊಡಲಿಲ್ಲ. ಸಣ್ಣ ಹೊಸ ಪೀಪಾಯಿ, ಬೇಗ ಕುಡಿಯಬಹುದಾದ ಮೆದು ವೈನ್ ಅಂತ ಅಕ್ಕಪಕ್ಕದವರೆಲ್ಲ ಹೊಸ ಗಾಳಿಗೆ ಹೊರಳಿದಾಗಲೂ ಆತ ಜಗ್ಗಲಿಲ್ಲ. 1974ರಲ್ಲಿ ಬರೋಲೊ ಸೀಮೆಯದೇ ಊರಾದ ಸೆರ್ರಲುಂಗಾದಲ್ಲಿ ಕಶೀನಾ ಫ್ರಾಂಚಾ ಎಂಬ ಜಮೀನು ಕೊಂಡರು. ಅಲ್ಲಿಯವರೆಗೆ ಹೊರಗಿನ ರೈತರಿಂದ ದ್ರಾಕ್ಷಿ ಕೊಳ್ಳುತ್ತಿದ್ದ ಮನೆ ಅದು. ಕೊಂಡಾಗ ಆ ಜಮೀನಿನಲ್ಲಿ ಇದ್ದದ್ದು ಗೋಧಿ ಬೆಳೆ! ಬಳ್ಳಿ ನೆಟ್ಟು, 1978ರಿಂದ ಮೊನ್ಫೊರ್ತಿನೊ ಅಲ್ಲಿನ ದ್ರಾಕ್ಷಿಯಿಂದಲೇ ಬರತೊಡಗಿತು.

2002 ಆ ಸೀಮೆಗೆ ಕೆಟ್ಟ ವರ್ಷ. ಮಳೆ, ಆಲಿಕಲ್ಲು, ಹೆಸರುವಾಸಿ ಮನೆಗಳವರೇ ತಮ್ಮ ಅತ್ಯುತ್ತಮ ಬಾಟಲಿಗಳನ್ನು ಮಾಡದೆ ಕೈಬಿಟ್ಟರು. ಜೊವಾನ್ನಿ ಮಾತ್ರ ಮೊನ್ಫೊರ್ತಿನೊ ಮಾಡಿದರು. ಎರಡು ವರ್ಷಕ್ಕೆ, 2004ರಲ್ಲಿ, ತೀರಿಕೊಂಡರು. ಆ 2002ರ ವೈನ್ ಮಾಗಿ ಹೊರಬಂದಾಗ ನಕ್ಕವರೆಲ್ಲ ಸುಮ್ಮನಾದರು. ಈಗಿನ ಯಜಮಾನ ರೊಬೆರ್ತೊ ಕೊಂತೆರ್ನೊ ಆ ಮೂರನೇ ತಲೆಮಾರಿನವರು. ನೆಬ್ಬಿಯೋಲೊ ಮಟ್ಟಿಗೆ ಅವರ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ.

ಇಂಥವರು 2018ರಲ್ಲಿ ಇನ್ನಷ್ಟು ಜಮೀನು ಬೇಕು ಅಂತ ಹೊರಟು, ತಮ್ಮ ಬೆಟ್ಟಗಳನ್ನು ಬಿಟ್ಟು, ನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರಕ್ಕೆ ಹೋಗಿ ಗತ್ತಿನಾರಾದ ನೆರ್ವಿಯನ್ನು ಕೊಂಡರು. 1906ರಲ್ಲಿ ಶುರುವಾದ ವೈನರಿ, ಆ ಊರಿನ ಮಟ್ಟಿಗೆ ಹಳಬರಲ್ಲಿ ಹಳಬರು. ನಡುವೆ ಕೈ ಬದಲಾಗಿ, 2011ರಿಂದ ನಾರ್ವೆಯ ಮಾಲೀಕರ ಬಳಿ ಇತ್ತು. ಬರೋಲೊದಲ್ಲಿ ಜಮೀನಿನ ಬೆಲೆ ಗಗನಕ್ಕೇರಿದೆ, ಅಲ್ಲಿ ಅಗ್ಗ, ಅದಕ್ಕೇ ಹೋದರು ಅಂತ ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಮೊನ್ಫೊರ್ತಿನೊ ಮಾಡುವವರು ಕೇವಲ ಅಗ್ಗದ ಜಮೀನಿಗಾಗಿ ತಮ್ಮ ಹೆಸರನ್ನು ಇನ್ನೊಂದು ಊರಿನ ಲೇಬಲ್ಲಿಗೆ ಅಂಟಿಸುವುದಿಲ್ಲ.

ಈಗ ಬೆಟ್ಟಕ್ಕೆ ಬರೋಣ. ಈ ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ. ಗತ್ತಿನಾರಾದ ಒಂದು ತೋಟದ ಅಂಚಿನಲ್ಲಿ ಬಿದ್ದಿದ್ದದ್ದು. ಕಂದು ಬಣ್ಣ, ಮುರಿದ ಕಡೆ ಹಳೇ ಇಟ್ಟಿಗೆಯ ಹಾಗೆ ನಸುಗೆಂಪು. ಬೆಳಕಿಗೆ ಹಿಡಿದರೆ ಒಳಗೆ ಸಾಸಿವೆ ಗಾತ್ರದ ಹರಳುಗಳು ಹೊಳೆಯುತ್ತವೆ. ಉಗುರಿನಲ್ಲಿ ಕೆರೆದು ನೋಡಿ, ಏನೂ ಬರುವುದಿಲ್ಲ. ಬರೋಲೊದ ಮಣ್ಣಾದರೆ ಹೀಗಲ್ಲ. ಅದು ಸುಣ್ಣ ಬೆರೆತ ಜೇಡಿ, ಮಳೆ ಬಂದರೆ ಬೂಟಿಗೆ ಮೆತ್ತಿಕೊಳ್ಳುವಂಥದ್ದು, ಹಿಂದೊಮ್ಮೆ ಸಮುದ್ರದ ತಳ. ನಿಮ್ಮ ಕೈಯಲ್ಲಿರುವುದು ಪೊರ್ಫಿರಿ, ಜ್ವಾಲಾಮುಖಿಯ ಕಲ್ಲು.

ಅದೂ ಎಂಥ ಜ್ವಾಲಾಮುಖಿ! ಗತ್ತಿನಾರಾ ಇರುವುದು ಸೇಸಿಯಾ ನದಿಯ ದಡದಲ್ಲಿ. ಆ ಕಣಿವೆಯಲ್ಲಿ ಸುಮಾರು 28 ಕೋಟಿ ವರ್ಷಗಳ ಹಿಂದೆ ಒಂದು ಮಹಾಜ್ವಾಲಾಮುಖಿ ಸಿಡಿದಿತ್ತು ಅಂತ ಭೂವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಜ್ವಾಲಾಮುಖಿಯ ಮೇಲಿನ ಬಾಯಿ ಮಾತ್ರ ನಮಗೆ ಕಾಣುತ್ತದೆ, ಹೊಟ್ಟೆ ಭೂಮಿಯೊಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ ಇರುತ್ತದೆ. ಇಲ್ಲಿ ಆಲ್ಪ್ಸ್ ಪರ್ವತಗಳು ಏಳುವಾಗ ಇಡೀ ಭೂಪದರವೇ ಮಗುಚಿ ಬಿತ್ತು. ಪರಿಣಾಮವಾಗಿ, ಇಪ್ಪತ್ತೈದು ಕಿಲೋಮೀಟರ್ ಆಳದಲ್ಲಿ ಇರಬೇಕಾಗಿದ್ದ ಬಂಡೆಗಳೂ ಈಗ ನದಿಯ ಪಕ್ಕದಲ್ಲೇ ಸಾಲಾಗಿ ಬಿದ್ದಿವೆ; ಕಣಿವೆಯುದ್ದಕ್ಕೂ ನಡೆದರೆ ಜ್ವಾಲಾಮುಖಿಯ ಒಳಹೊಕ್ಕು ಹೊರಬಂದ ಹಾಗೆ. ಅದೀಗ ಯುನೆಸ್ಕೊ ಗುರುತಿಸಿದ ಭೂ ಉದ್ಯಾನ. ಗತ್ತಿನಾರಾದ ತೋಟಗಳು ಇರುವುದು ಆ ಜ್ವಾಲಾಮುಖಿಯ ಮೇಲ್ಭಾಗದಿಂದ ಹೊಮ್ಮಿದ ಕಲ್ಲಿನ ಮೇಲೆ. ನದಿ ದಾಟಿದರೆ ಗೆಮ್ಮೆ ಎಂಬ ಊರು, ಅದೂ ನೆಬ್ಬಿಯೋಲೊ ಊರೇ. ಅಲ್ಲಿ ಮಾತ್ರ ಹಿಮನದಿ, ಹೊಳೆ ತಂದು ಸುರಿದ ಉರುಟು ಕಲ್ಲು, ಜೇಡಿ. ಒಂದು ಸೇತುವೆಯ ಅಂತರದಲ್ಲಿ ಮಣ್ಣು ಪೂರ್ತಿ ಬೇರೆ.

ಈ ಕಲ್ಲಿನಿಂದ ರುಚಿಗೇನಾಗುತ್ತದೆ? ಕಲ್ಲಿನ ರುಚಿ ನೇರವಾಗಿ ಬೇರಿನ ಮೂಲಕ ಗ್ಲಾಸಿಗೆ ಇಳಿಯುತ್ತದೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಆದರೆ ಈ ಮಣ್ಣು ತೆಳು, ಬಡ, ಹುಳಿ ಗುಣದ್ದು, ಕಬ್ಬಿಣದ ಅಂಶ ಹೆಚ್ಚು, ನೀರು ನಿಲ್ಲುವುದಿಲ್ಲ. ಬಳ್ಳಿ ಸೊಕ್ಕಿ ಬೆಳೆಯುವುದಿಲ್ಲ, ಗೊಂಚಲು ಸಣ್ಣದಾಗುತ್ತದೆ. ಬೆನ್ನಿಗೆ 4,634 ಮೀಟರ್ ಎತ್ತರದ ಮೋಂತೆ ರೋಸಾ. ಉತ್ತರದ ಕೊರೆಯುವ ಗಾಳಿಯನ್ನು ತಡೆಯುವುದೂ ಅದೇ, ಸಂಜೆಯಾದ ಮೇಲೆ ತಂಪನ್ನು ಕೆಳಗೆ ಇಳಿಸುವುದೂ ಅದೇ. ಹಗಲು ಬಿಸಿಲು, ರಾತ್ರಿ ಚಳಿ. ಹಣ್ಣು ನಿಧಾನ ಮಾಗುತ್ತದೆ, ಹುಳಿ ಉಳಿಯುತ್ತದೆ. ಕೊಯ್ಲು ಅಕ್ಟೋಬರಿಗೆ ಹೋಗುತ್ತದೆ.

ಈಗ ಗ್ಲಾಸು ಎತ್ತಿಕೊಳ್ಳಿ. ಎರಡನೆಯದು. ಮೊದಲು ಬಣ್ಣ ನೋಡಿ: ಗ್ಲಾಸಿನ ಆಚೆ ಹಿಡಿದ ಬೆರಳು ಕಾಣುತ್ತದೆ. ನಂದಿಯ ತಪ್ಪಲಿನ ಕಬೆರ್ನೆ, ಶಿರಾಜ್ ಕುಡಿದು ಅಭ್ಯಾಸವಾದವರಿಗೆ ಇದು ನೀರು ಬೆರೆಸಿದ್ದೇನೋ ಅನ್ನಿಸಬಹುದು. ನೆಬ್ಬಿಯೋಲೊ ಬಣ್ಣವೇ ಅಷ್ಟು. ಮೂಗಿಗೆ ಹಿಡಿಯಿರಿ. ಒಣಗಿದ ಗುಲಾಬಿ ಎಸಳು ಬರೋಲೊದಲ್ಲೂ ಇದೆ, ಮೊದಲನೇ ಗ್ಲಾಸಿನಲ್ಲಿ ಸಿಕ್ಕಿರಬೇಕು. ಇಲ್ಲಿ ಅದರ ಜೊತೆ ಕಿತ್ತಳೆ ಸಿಪ್ಪೆ ಇದೆ, ಮಳೆಗಾಲದ ಕಬ್ಬಿಣದ ಗೇಟಿನ ವಾಸನೆ ಇದೆ. ಬಾಯಿಗೆ ಹಾಕಿದರೆ ಮೊದಲು ಹುಳಿ, ನಾಲಿಗೆಯ ಎರಡೂ ಬದಿ ನೀರೂರುತ್ತದೆ. ಒಗರು ಬರುವುದು ಆಮೇಲೆ, ವಸಡಿನ ಮೇಲೆ, ಸಣ್ಣಗೆ. ಮೊದಲನೇ ಗ್ಲಾಸಿನ ಬರೋಲೊದಲ್ಲಿ ಒಗರು ಬಾಗಿಲಲ್ಲೇ ನಿಂತು ತಡೆಯಿತಲ್ಲ? ಸೆರ್ರಲುಂಗಾದ ಸುಣ್ಣದ ಜೇಡಿಯಲ್ಲಿ ಬೆಳೆದ ಹಣ್ಣಿಗೆ ಆ ಭಾರ ಬರುತ್ತದೆ. ಇದರಲ್ಲಿ ಭಾರ ಕಮ್ಮಿ, ಚುರುಕು ಹೆಚ್ಚು. ನುಂಗಿದ ಮೇಲೆ ಉಳಿಯುವುದು ಸಿಹಿಯಲ್ಲ, ಒಂಥರಾ ಉಪ್ಪುಪ್ಪು. ನನಗಂತೂ ಆ ಉಪ್ಪೇ ಇನ್ನೊಂದು ಗುಟುಕಿಗೆ ಕರೆಯುವುದು.

ಇಷ್ಟು ಚೆನ್ನಾಗಿದ್ದರೆ ಇಷ್ಟು ದಿನ ಯಾಕೆ ಯಾರೂ ಕೇಳಲಿಲ್ಲ? ಅಸಲಿಗೆ ಹಿಂದೆ ಕೇಳುತ್ತಿದ್ದರು. ಹದಿನಾರನೇ ಶತಮಾನದಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸನ ಮಹಾಮಂತ್ರಿಯಾಗಿದ್ದ ಮೆರ್ಕುರೀನೊ ಈ ಸೀಮೆಯವನೇ, ಹೆಸರಿನ ಜೊತೆಗೇ ಗತ್ತಿನಾರಾ ಇದೆ. ಊರಿನ ವೈನನ್ನು ಅರಮನೆಯ ಊಟದ ಮೇಜಿಗೆ ಮುಟ್ಟಿಸಿದವನು ಅವನೇ ಅಂತ ಊರವರು ಹೇಳಿಕೊಳ್ಳುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಪಿಯೆಮೊಂತೆಯ ಈ ಉತ್ತರ ಭಾಗದಲ್ಲಿ ನಲವತ್ತು ಸಾವಿರ ಹೆಕ್ಟೇರ್ ದ್ರಾಕ್ಷಿ ಇತ್ತು ಎನ್ನುವುದು ಅಲ್ಲಿ ಎಲ್ಲರೂ ಹೇಳುವ ಲೆಕ್ಕ. ಇಂದು ಎಲ್ಲ ಊರುಗಳನ್ನೂ ಕೂಡಿಸಿದರೆ ಸಾವಿರ ಹೆಕ್ಟೇರಿನ ಒಳಗೆ. ಗತ್ತಿನಾರಾ ಒಂದನ್ನೇ ತೆಗೆದುಕೊಂಡರೆ ಸುಮಾರು ನೂರು. ಬರೋಲೊ ಎರಡು ಸಾವಿರ ದಾಟಿದೆ.

ನಡುವೆ ಆದದ್ದು ಇಷ್ಟು. ಬೇರು ತಿನ್ನುವ ಫಿಲೊಕ್ಸೆರಾ ಹುಳ ಯುರೋಪಿನ ಉದ್ದಗಲಕ್ಕೂ ಮಾಡಿದ ಹಾಗೆ ಇಲ್ಲೂ ಬಳ್ಳಿಗಳನ್ನು ಕೊಂದಿತು. ಬೇರೆ ಕಡೆ ರೈತರು ಮತ್ತೆ ನೆಟ್ಟರು. ಇಲ್ಲಿ ನೆಡಲು ಕೈಗಳೇ ಉಳಿಯಲಿಲ್ಲ, ಏಕೆಂದರೆ ಪಕ್ಕದಲ್ಲೇ ಬಿಯೆಲ್ಲಾದ ಉಣ್ಣೆ ಗಿರಣಿಗಳು ಕರೆಯುತ್ತಿದ್ದವು. ಇವತ್ತು ಸೂಟುಗಳಿಗೆ ಹೆಸರಾದ ಜೆನ್ಯಾದವರ ಉಣ್ಣೆ ಗಿರಣಿ 1910ರಲ್ಲಿ ಶುರುವಾದದ್ದು ಆ ಗುಡ್ಡಗಳಲ್ಲೇ. ಲೋರೊ ಪಿಯಾನಾ ಎಂಬ ಇನ್ನೊಂದು ಉಣ್ಣೆ ಬಟ್ಟೆಯ ಕಂಪನಿ 1924ರಲ್ಲಿ ಶುರುವಾದ ಊರು ಇದೇ ಸೇಸಿಯಾ ನದಿಯ ಮೇಲ್ಭಾಗದಲ್ಲಿದೆ. ಕಲ್ಲು ಬೆಟ್ಟದಲ್ಲಿ ಅಗೆದು, ಆಲಿಕಲ್ಲು ಬಿದ್ದರೆ ವರ್ಷದ ಗಂಜಿ ಹೋಯಿತು ಅಂತ ಕೂರುವ ಬದಲು ತಿಂಗಳ ಸಂಬಳ ಕೊಡುವ ಗಿರಣಿ ಯಾರಿಗೆ ಬೇಡ? ನಾನಾದರೂ ಹೋಗುತ್ತಿದ್ದೆ. ತೋಟಗಳನ್ನು ಕಾಡು ತಿಂದಿತು. ಇವತ್ತಿಗೂ ಅಲ್ಲಿನ ಕಾಡಿನೊಳಗೆ ಹೊಕ್ಕರೆ ಚೆಸ್ಟ್‌ನಟ್ ಮರಗಳ ಬುಡದಲ್ಲಿ ದ್ರಾಕ್ಷಿಗೆಂದು ಕಟ್ಟಿದ ಕಲ್ಲಿನ ಮೆಟ್ಟಿಲು ಪಾತಿಗಳು ಕಾಣುತ್ತವೆ.

ಅಂದರೆ ಈ ವೈನಿನ ಹೆಸರು ಹೋದದ್ದು ರುಚಿ ಕೆಟ್ಟು ಅಲ್ಲ, ಮಾಡುವವರು ಇಲ್ಲದೆ. ಪೇಟೆಗೆ ನೆನಪು ಉಳಿಯಬೇಕಾದರೆ ಸರಕು ಎದುರಿಗೆ ಇರಬೇಕು. ಬರೋಲೊಗೆ ಅದಿತ್ತು. ಹತ್ತಿರದಲ್ಲೇ ಆಲ್ಬಾ ಪಟ್ಟಣ, ಅದರ ಬಿಳಿ ಟ್ರಫಲ್ ಎಂಬ ನೆಲದಡಿಯ ದುಬಾರಿ ಅಣಬೆಯ ಸಂತೆ, ಹೋಟೆಲುಗಳು, ಬರುವ ಹೋಗುವ ಪತ್ರಕರ್ತರು. ಗತ್ತಿನಾರಾದಿಂದ ದಕ್ಷಿಣಕ್ಕೆ ನೋಡಿದರೆ ಕಾಣುವುದು ವೆರ್ಚೆಲ್ಲಿಯ ಭತ್ತದ ಗದ್ದೆಗಳು. ನಮಗೆ ಮಂಡ್ಯದ ಕಡೆ ಹೋದಷ್ಟು ಹಿತವಾಗಬಹುದು, ಪ್ರವಾಸಿಗಳು ಅದಕ್ಕೆ ವಿಮಾನ ಹತ್ತಿ ಬರುವುದಿಲ್ಲ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ತಂಪು ವರ್ಷಗಳಲ್ಲಿ ಹಣ್ಣು ಪೂರ್ತಿ ಮಾಗದೆ, ಹಳೆಯ ಗತ್ತಿನಾರಾ ಬಾಟಲಿಗಳಲ್ಲಿ ಕೆಲವು ನಿಜಕ್ಕೂ ಕಷ್ಟದವೇ. ಹುಳಿಗೆ ಹಲ್ಲು ಜುಮ್ಮೆನ್ನಬೇಕು. ಆ ಗಡಸನ್ನು ಮೆದುಮಾಡಲೆಂದೇ ವೆಸ್ಪೊಲೀನಾ, ಊವಾ ರಾರಾ ಎಂಬ ಸ್ಥಳೀಯ ದ್ರಾಕ್ಷಿಗಳನ್ನು ಸ್ವಲ್ಪ ಬೆರೆಸುವ ರೂಢಿ ಬಂತು. ಕಾನೂನು ಈಗಲೂ ನೂರಕ್ಕೆ ಹತ್ತರವರೆಗೆ ಬೆರೆಸಲು ಬಿಡುತ್ತದೆ. ಈಗ ಬೇಸಿಗೆಗಳು ಬಿಸಿಯಾಗಿ ಲೆಕ್ಕ ತಿರುಗಿದೆ. ಬರೋಲೊದವರು ಆಲ್ಕೋಹಾಲ್ ಹದಿನಾಲ್ಕೂವರೆ, ಹದಿನೈದಕ್ಕೆ ಹೋಗುತ್ತಿದೆಯಲ್ಲ ಅಂತ ತಲೆ ಕೆರೆದುಕೊಳ್ಳುತ್ತಿರುವಾಗ ಗತ್ತಿನಾರಾದ ಹಣ್ಣು ತಣ್ಣಗೆ, ಸಲೀಸಾಗಿ ಮಾಗುತ್ತಿದೆ. ರೊಬೆರ್ತೊ ಉತ್ತರಕ್ಕೆ ಹೋದದ್ದರಲ್ಲಿ ಈ ಲೆಕ್ಕಾಚಾರಕ್ಕೂ ಪಾಲಿದ್ದೀತು ಅಂತ ನನ್ನ ಊಹೆ.

ಕಾನೂನಿನ ಮಾತು ಬಂತಲ್ಲ, ನನಗೆ ಬಹಳ ಇಷ್ಟವಾದ ಒಂದು ನಿಯಮ ಹೇಳಿಬಿಡುತ್ತೇನೆ. ಬರೋಲೊ ಮಾರಾಟಕ್ಕೆ ಬರಬೇಕಾದರೆ ಕೊಯ್ಲಾದ ಮೇಲೆ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಗತ್ತಿನಾರಾಕ್ಕೆ ಒಟ್ಟು 35 ತಿಂಗಳು, ಆದರೆ ಪೀಪಾಯಿಯಲ್ಲಿ 24. ಹೆಚ್ಚು ಕಾಲ ಮಾಗಿಸಿದ್ದು ಅಂತ ಸಾರುವ ರಿಸೆರ್ವಾ ಎಂಬ ಪದ ಲೇಬಲ್ಲಿನಲ್ಲಿ ಬರೆಯಬೇಕಾದರೆ ಒಟ್ಟು 47, ಪೀಪಾಯಿಯಲ್ಲಿ 36. ಅಂದರೆ ಎರಡನೇ ಡಿಕಾಕ್ಷನ್ ಅಂತ ನಾವು ಮೂಗು ಮುರಿಯುವ ವೈನ್, ಮರದೊಳಗೆ ಬರೋಲೊಗಿಂತ ಆರು ತಿಂಗಳು ಹೆಚ್ಚು ಕಾಯಬೇಕು. ಪೀಪಾಯಿಯಲ್ಲಿ ಇದ್ದಷ್ಟೂ ದಿನ ವೈನ್ ಆವಿಯಾಗುತ್ತದೆ, ಮೇಲಿಂದ ತುಂಬಿಸುತ್ತಾ ಇರಬೇಕು, ಜಾಗ ಬೇಕು, ಹಾಕಿದ ದುಡ್ಡು ವಾಪಸ್ಸು ಬರುವುದಿಲ್ಲ. ಇಷ್ಟೆಲ್ಲ ಖರ್ಚು ಮಾಡಿ ಮೂವತ್ತು ಯೂರೋ ಆಸುಪಾಸಿಗೆ ಮಾರುವವರು ಇನ್ನೂ ಆ ಊರಿನಲ್ಲಿ ಇದ್ದಾರೆ. ಹೇಗೆ ಪೂರೈಸುತ್ತದೋ!

ನೆರ್ವಿಯಲ್ಲಿ ಮುಖ್ಯವಾಗಿ ಮೂರು ಗತ್ತಿನಾರಾ ಮಾಡುತ್ತಾರೆ. ಹಲವು ತೋಟಗಳ ಹಣ್ಣು ಸೇರಿಸಿ ಮಾಡುವ ಸಾಮಾನ್ಯ ಬಾಟಲಿ ಒಂದು, ಮೊಲ್ಸಿನೊ ಎಂಬ ತೋಟದ್ದೇ ಒಂದು, ವಾಲ್ಫೆರಾನಾ ತೋಟದ್ದು ಇನ್ನೊಂದು. ಮೊಲ್ಸಿನೊ ಬಿಸಿಲಿಗೆ ಮೈಯೊಡ್ಡಿದ ಇಳಿಜಾರು, ಅಲ್ಲಿನ ವೈನಿಗೆ ಮೈ ತುಂಬಿಕೊಂಡಿರುತ್ತದೆ. ವಾಲ್ಫೆರಾನಾ ಅದಕ್ಕಿಂತ ತೆಳು, ಘಮ ಹೆಚ್ಚು. ಎಲ್ಲರೂ ಮೊಲ್ಸಿನೊ ಹಿಂದೆ ಬೀಳುತ್ತಾರೆ. ನನ್ನ ಓಟು ವಾಲ್ಫೆರಾನಾಕ್ಕೆ.

ಇಲ್ಲಿಗೆ ಬಂದಾಗ ಒಂದು ತೊಡಕು ಎದುರಾಗುತ್ತದೆ, ಅದನ್ನು ಹೇಳದೆ ಹೋದರೆ ಮೋಸವಾಗುತ್ತದೆ. ಕೊಂತೆರ್ನೊ ಹೆಸರು ಲೇಬಲ್ಲಿಗೆ ಬಂದ ಮೇಲೆ ನೆರ್ವಿಯ ಬೆಲೆ ಮೇಲೆ ಹೋಗಿದೆ. ವೈನ್ ಅಚ್ಚುಕಟ್ಟಾಗಿದೆ, ಹೆಚ್ಚು ಶುಚಿಯಾಗಿದೆ, ಅದು ನಿಜ. ಆದರೆ ಬೆಟ್ಟ ಬದಲಾಗಿಲ್ಲ. 2017ರಲ್ಲಿ ಇದ್ದ ಪೊರ್ಫಿರಿಯೇ 2018ರಲ್ಲೂ ಇದ್ದದ್ದು. ಏರಿದ ಬೆಲೆಯಲ್ಲಿ ಒಂದಷ್ಟು ಪಾಲು ಕೆಲಸಕ್ಕೆ ಸಂದದ್ದು, ಉಳಿದದ್ದು ಹೆಸರಿಗೆ. ಹಾಗಾದರೆ ಇದಕ್ಕೆ ಸಿಗಬೇಕಾದ ಬೆಲೆ ಸಿಕ್ಕಿಲ್ಲ ಅಂತ ಈಗಲೂ ಹೇಳಬಹುದೇ? ಮೊನ್ಫೊರ್ತಿನೊ ಪಕ್ಕದಲ್ಲಿಟ್ಟರೆ ಖಂಡಿತ. ಆದರೆ ನನಗೆ ಅನ್ನಿಸುವುದು, ನಿಜವಾಗಿ ಬೆಲೆ ಸಿಗದೆ ಉಳಿದಿರುವುದು ಈ ಬಾಟಲಿಗಲ್ಲ, ಊರಿಗೆ. ರೊಬೆರ್ತೊ ಬಂದದ್ದರಿಂದ ಜನ ಒಂದು ಗೇಟಿನ ಮುಂದೆ ಸಾಲು ನಿಂತಿದ್ದಾರೆ. ಪಕ್ಕದ ಗೇಟುಗಳು ಇನ್ನೂ ಖಾಲಿ ಇವೆ. ಮೂರನೇ ಗ್ಲಾಸಿನಲ್ಲಿ ಇರುವುದು ಅಂಥ ಒಂದು ಗೇಟಿನದು, ಅಂತೋನಿಯೋಲೊ ಮನೆಯವರ ಓಸ್ಸೊ ಸಾನ್ ಗ್ರಾತೊ ತೋಟದ್ದು. ಎರಡನೆಯದರ ಜೊತೆ ಹೋಲಿಸಿ. ಇದು ಇನ್ನೂ ಬಿಗಿ, ಹಟಮಾರಿ. ಯಾವುದು ಮೇಲು ಅಂತ ನಾನು ಹೇಳುವುದಿಲ್ಲ. ಕೈ ಎತ್ತಿಸಿದರೆ ಈ ಕೋಣೆ ಎರಡು ಹೋಳಾಗುತ್ತದೆ ಅಂತ ಮಾತ್ರ ಹೇಳಬಲ್ಲೆ.

(ಕೈ ಎತ್ತಿಸಿದೆವು. ಮೂರನೆಯದು ಸ್ವಲ್ಪದರಲ್ಲಿ ಗೆದ್ದಿತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು.)

"ಹಾಗಾದರೆ ಯಾವುದನ್ನು ಕೊಳ್ಳಬೇಕು, ಸಾರ್?"

ಕೊಂತೆರ್ನೊ ಕೈಯ ರುಚಿ ತಿಳಿಯಬೇಕು ಅಂದರೆ ನೆರ್ವಿಯ ಸಾಮಾನ್ಯ ಗತ್ತಿನಾರಾ ಸಾಕು. ತೋಟದ ಹೆಸರಿರುವ ಬಾಟಲಿಗಳು ಈಗ ದುಬಾರಿ. ಊರಿನ ರುಚಿ ಸಾಕು ಅಂದರೆ ಅಲ್ಲಿನದೇ ತ್ರವಾಲ್ಯಿನಿ ಮನೆಯವರದು. ಅವರ ಬಾಟಲಿ ಸೊಟ್ಟಗಿರುತ್ತದೆ, ಭುಜ ಒಂದು ಕಡೆ ಡೊಂಕು, ದೂರದಿಂದಲೇ ಗುರುತು ಸಿಗುತ್ತದೆ. ಬಗ್ಗಿಸುವಾಗ ತಳದ ಗಸಿ ಆ ಡೊಂಕಿನಲ್ಲಿ ನಿಲ್ಲಲಿ ಅಂತ ಹಾಗೆ ಮಾಡಿಸಿದ್ದು.

"ಸಸ್ಯಾಹಾರಿಗಳು ಏನು ಜೊತೆಗೆ ತಿನ್ನಬೇಕು?"

ಅಲ್ಲಿನವರದು ಭತ್ತದ ಸೀಮೆ, ಅವರ ಊಟ ರಿಸೊತ್ತೊ, ಅಂದರೆ ಮುದ್ದೆಯಾಗುವಂತೆ ಮೆತ್ತಗೆ ಬೇಯಿಸಿದ ಅನ್ನ. ವೆರ್ಚೆಲ್ಲಿಯಲ್ಲಿ ಪನಿಸ್ಸಾ ಅಂತ ಅನ್ನಕ್ಕೆ ಕಾಳು ಹಾಕಿ ಬೇಯಿಸುತ್ತಾರೆ, ಅದಕ್ಕೆ ಸಲಾಮಿ ಮಾಂಸ ಬೀಳುತ್ತದೆ ಅಂತ ಮೊದಲೇ ತಿಳಿದಿರಲಿ. ನಮ್ಮ ಅಡುಗೆಯಲ್ಲಿ ಖಾರ ಒಗರನ್ನು ಕೆರಳಿಸುತ್ತದೆ. ಹುಣಿಸೆಹುಳಿಯ ಸಾರಿನ ಮುಂದೆ ಈ ವೈನ್ ಸೋಲುತ್ತದೆ. ಮೆಣಸು, ತುಪ್ಪ ಹಾಕಿದ ಖಾರಾ ಪೊಂಗಲ್ ಜೊತೆ ನೋಡಿ. ತುಪ್ಪ ಒಗರನ್ನು ಸವರುತ್ತದೆ, ಹುಳಿ ತುಪ್ಪದ ಜಿಡ್ಡನ್ನು ಕತ್ತರಿಸುತ್ತದೆ. ತಮಾಷೆಗೆ ಹೇಳುತ್ತಿಲ್ಲ, ಅಣಬೆ ರಿಸೊತ್ತೊಗಿಂತ ನನಗೆ ಇದೇ ಹೆಚ್ಚು ಹೊಂದಿದೆ.

"ಇಲ್ಲಿ ಸಿಗುತ್ತದೆಯೇ? ಎಷ್ಟು ವರ್ಷ ಇಡಬಹುದು?"

ಇಷ್ಟು ವರ್ಷ ಆಮದು ವೈನಿಗೆ ಬೀಳುತ್ತಿದ್ದ ಶೇಕಡಾ 150ರ ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ, ಆಮೇಲೆ ಹೋಟೆಲಿನವರ ಲಾಭ ಸೇರಿದರೆ ಅಗ್ಗದ ವೈನ್ ಅಂತ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಹಾಸ್ಯವಾಗುತ್ತದೆ. ಯಾರಾದರೂ ಮಿಲಾನ್ ಕಡೆಯಿಂದ ಬರುವವರಿದ್ದರೆ ಹೇಳಿ ತರಿಸಿ. ಸುಂಕವಿಲ್ಲದೆ ತಲೆಗೆ ಎರಡು ಲೀಟರ್ ತರಬಹುದು, ಅಂದರೆ ಎರಡು ಬಾಟಲಿ ಆರಾಮ. ಒಳ್ಳೆಯ ಗತ್ತಿನಾರಾ ಇಪ್ಪತ್ತು ವರ್ಷ ಬಾಳುತ್ತದೆ, ಆದರೆ ತಣ್ಣನೆಯ ನೆಲಮಾಳಿಗೆಯಲ್ಲಿ. ನಮ್ಮ ಏಪ್ರಿಲ್ ತಿಂಗಳ ಅಟ್ಟದ ಮೇಲೆ ಅಲ್ಲ. ವೈನ್ ಫ್ರಿಜ್ ಇಲ್ಲದಿದ್ದರೆ ಬೇಸಿಗೆ ಬರುವ ಮುಂಚೆ ಕುಡಿದುಬಿಡಿ. ವಿಮಾನದಲ್ಲಿ ಕುಲುಕಾಡಿ ಬಂದದ್ದನ್ನು ಅದೇ ವಾರ ತೆಗೆಯಬೇಡಿ, ಎರಡು ಮೂರು ವಾರ ಮಲಗಿಸಿಡಿ. ಕುಡಿಯುವ ದಿನ ಮಧ್ಯಾಹ್ನವೇ ಬಾಟಲಿ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಸಂಜೆ ಬಿರಡೆ ತೆಗೆದು ಒಂದು ಗಂಟೆ ಬಿಟ್ಟು, ಗ್ಲಾಸಿಗೆ ಬಗ್ಗಿಸಿ.